ನಿಶಾಗಗನದ ಚರಜ್ಯೋತಿಗಳು: ಉಪಗ್ರಹನಿರ್ಣಯದ ಚರಿತ್ರೆ

ನಕ್ಷತ್ರದಂತೆಯೇ ತೋರಿ, ನಕ್ಷತ್ರದಂತೆ ನಿಲ್ಲದೆ, ಸದ್ದಿಲ್ಲದೆ ಆಕಾಶದಲ್ಲಿ ಸರಿದುಹೋಗುವ ಬೆಳಕು ಕೃತಕ ಉಪಗ್ರಹವೋ, ವಿಮಾನವೋ, ಉಲ್ಕೆಯೋ, ಈ ಯಾವ ಹೆಸರಿಗೂ ಸಲ್ಲದ ವಸ್ತುವೋ ಎಂದು ನಿರ್ಣಯಿಸುವ ವಿದ್ಯೆಗೆ 1957ರ ಹಿಂದೆ ಪ್ರಸಕ್ತಿಯೇ ಇರಲಿಲ್ಲ. ಸಂಶಯವಾದರೋ ಅದಕ್ಕಿಂತ ಹಿಂದಿನದು. 1947ರ ಜೂನ್ 24ರಂದು ಅಮೆರಿಕದ ರೇನಿಯರ್ ಪರ್ವತದ ಬಳಿ ಕೆನೆತ್ ಆರ್ನಾಲ್ಡ್ ಎಂಬ ವಿಮಾನಚಾಲಕನು ಹೊಳೆಯುವ ಒಂಬತ್ತು ವಸ್ತುಗಳನ್ನು ಕಂಡೆನೆಂದು ಹೇಳಿದಂದಿನಿಂದ ‘ಹಾರುವ ತಟ್ಟೆ’ಯ ಸುದ್ದಿ ಪತ್ರಿಕೆಗಳ ಮೂಲಕ ಲೋಕವನ್ನೆಲ್ಲ ಸುತ್ತಿತ್ತಾದುದರಿಂದ, ಮೊದಲ ಉಪಗ್ರಹವು ಕಕ್ಷೆಗೇರುವ ವೇಳೆಗೆ ಅದನ್ನು ಅನ್ಯಥಾ ಭಾವಿಸುವುದಕ್ಕೆ ಬೇಕಾದ ಕಲ್ಪನೆಯು ಜನರ ಮನಸ್ಸಿನಲ್ಲಿ ಹತ್ತು ವರ್ಷಗಳಿಂದ ಬೇರೂರಿದ್ದಿತು.

1957ರ ಅಕ್ಟೋಬರ್ 4ರಂದು ಸೋವಿಯತ್ ದೇಶವು ಹಾರಿಸಿದ ಸ್ಪುಟ್ನಿಕ್ ಕೇವಲ 58 ಸೆಂಟಿಮೀಟರ್ ವ್ಯಾಸದ ಗೋಳವಾಗಿದ್ದು, ಬರಿಗಣ್ಣಿಗೆ ಕಾಣುವುದೇ ದುಸ್ತರವಾಗಿತ್ತು. ‘ಕೃತಕ ಚಂದ್ರನನ್ನು ಕಂಡೆವು’ ಎಂದು ಹಿಗ್ಗಿದವರಲ್ಲಿ ಬಹುಮಂದಿ ಕಂಡದ್ದು ಚಂದ್ರನನ್ನಲ್ಲ, ಅದನ್ನು ಹೊತ್ತೊಯ್ದು ತಾನೂ ಕಕ್ಷೆಯಲ್ಲುಳಿದ ರಾಕೆಟಿನ ಒಡಲನ್ನು. ಅಮೆರಿಕದ ಸೇನೆಯು ಅನಂತರ ಸಿದ್ಧಪಡಿಸಿದ ಕಕ್ಷಾವಸ್ತುಗಳ ಪಟ್ಟಿಯಲ್ಲಿಯೂ ಮೊದಲನೆಯ ಸಂಖ್ಯೆ ಆ ರಾಕೆಟಿಗೆ ಸಂದು, ಸ್ಪುಟ್ನಿಕ್ಕಿಗೆ ಎರಡನೆಯದು ದೊರೆಯಿತು.

ಈ ನಿರ್ಣಯಕ್ಕೆ ಶಾಸ್ತ್ರೀಯವಾದ ತಳಹದಿ ಹಾಕಿದವನು ಸ್ಮಿತ್ಸೋನಿಯನ್ ಖಭೌತ ವೀಕ್ಷಣಾಲಯದ ಫ್ರೆಡ್ ವಿಪ್ಪಲ್. ಉಪಗ್ರಹವೊಂದೂ ಹಾರದಿದ್ದ 1956ರಲ್ಲಿಯೇ ಆತನು ‘ಮೂನ್‌ವಾಚ್’ ಎಂಬ ಹವ್ಯಾಸಿಗಳ ಬಳಗವನ್ನು ಕಟ್ಟಿದನು. ಎತ್ತರದ ಕಂಬವೊಂದನ್ನು ನೆಟ್ಟು ಯಾಮ್ಯೋತ್ತರ ರೇಖೆಯನ್ನು ಗುರುತಿಸಿ, ಪುಟ್ಟ ದೂರದರ್ಶಕಗಳ ಮುಂದೆ ಸಾಲಾಗಿ ಕುಳಿತು, ಒಬ್ಬೊಬ್ಬರು ಆ ರೇಖೆಯ ಒಂದೊಂದು ತುಂಡನ್ನೇ ದಿಟ್ಟಿಸುತ್ತ, ಬೆಳಕು ಅದನ್ನು ದಾಟಿದ ಕ್ಷಣವನ್ನು ಕೂಗಿ ಹೇಳುವುದು, ಆ ಕ್ಷಣವನ್ನು ರೇಡಿಯೋ ಕಾಲಸಂಕೇತದೊಡನೆ ತಾಳೆನೋಡಿ ಬರೆದಿಡುವುದು: ಇಷ್ಟೇ ಅವರ ಕೆಲಸ. ಇದರ ಜೊತೆಗೆ ಬೇಕರ್-ನನ್ ಎಂಬ ಭಾರಿ ಛಾಯಾಗ್ರಾಹಕಗಳನ್ನು ಜಗತ್ತಿನ ಹನ್ನೆರಡು ಕಡೆಗಳಲ್ಲಿ ಸ್ಥಾಪಿಸಲಾಯಿತು. ಅವುಗಳಲ್ಲೊಂದು ನಮ್ಮ ನೈನಿತಾಲಿನಲ್ಲಿತ್ತು. ಕಣ್ಣು ಬೆಳಕನ್ನು ಕಾಣಬಲ್ಲುದೇ ಹೊರತು ಅದರ ದೂರವನ್ನಾಗಲಿ ಗಾತ್ರವನ್ನಾಗಲಿ ಅಳೆಯಲಾರದು. ಆದುದರಿಂದ ಕಂಡದ್ದು ಏನೆಂಬುದಕ್ಕಿಂತ ಎಷ್ಟು ಗಂಟೆಗೆ ಎಲ್ಲಿ ಕಂಡಿತೆಂಬುದೇ ಮುಖ್ಯವೆಂದು ಈ ಹವ್ಯಾಸಿಗಳು ಅರಿತಿದ್ದರು.

ಉಪಗ್ರಹಕ್ಕೆ ಸ್ವಂತ ಬೆಳಕಿಲ್ಲ. ನೆಲದ ಮೇಲೆ ಕತ್ತಲಾದರೂ ಮೇಲೆ ಇನ್ನೂ ಬಿಸಿಲಿರುವ ಮುಸ್ಸಂಜೆಯಲ್ಲಿ ಮತ್ತು ಬೆಳಗಿನ ಜಾವದಲ್ಲಿ ಅದು ಸೂರ್ಯಕಿರಣವನ್ನು ಪ್ರತಿಫಲಿಸಿ ಹೊಳೆದು, ಭೂಛಾಯೆಯನ್ನು ಹೊಕ್ಕೊಡನೆ ನಡುಬಾನಿನಲ್ಲಿಯೇ ನಂದಿಹೋಗುವುದು. ಊದಿ ಆರಿಸಿದ ಹಣತೆಯಂತೆ ಬೆಳಕು ಮಾಯವಾದುದನ್ನು ಕಂಡು ಬೆಚ್ಚಿದವರು ಕಡಮೆಯಲ್ಲ. ಕೆಂಪು ಹಸಿರು ದೀಪಗಳು ಮಿನುಗಿದರೆ ಅದು ವಿಮಾನ. ಒಂದೆರಡು ಕ್ಷಣಗಳಲ್ಲಿ ಗೀರೆಳೆದು ಮುಗಿದರೆ ಉಲ್ಕೆ. ಕ್ಷಿತಿಜದ ಬಳಿ ಬಹಳ ಹೊತ್ತು ನಿಂತು ಪ್ರಜ್ವಲಿಸಿದರೆ ಪ್ರಾಯಶಃ ಬೆಳ್ಳಿ. ಕತ್ತಲಲ್ಲಿ ಒಂಟಿ ಚುಕ್ಕಿಯನ್ನೇ ನೆಟ್ಟನೋಟದಿಂದ ನೋಡುತ್ತಿದ್ದರೆ ನಿಂತ ಚುಕ್ಕಿಯೂ ಅಲೆದಾಡುವಂತೆ ತೋರುವುದುಂಟು. 1960ರ ಆಗಸ್ಟ್ 12ರಂದು ಹಾರಿದ ‘ಎಕೋ 1’, ಮೂವತ್ತು ಮೀಟರ್ ವ್ಯಾಸದ ಬೆಳ್ಳಿಬಣ್ಣದ ಬುಗ್ಗೆಯಾದುದರಿಂದ, ಈ ಪಾಠಗಳನ್ನು ಸಾಮಾನ್ಯರಿಗೂ ಅಂಗಳದಲ್ಲಿಯೇ ಕಲಿಸಿತು.

ಮೂನ್‌ವಾಚ್‌ನ ಕಾಲದಲ್ಲಿ ವಿಪ್ಪಲ್ಲನ ಉಪಗ್ರಹವೀಕ್ಷಣೆಯ ಹೊಣೆ ಹೊತ್ತಿದ್ದ ಅಲೆನ್ ಹೈನೆಕ್ಕನೇ ಅಮೆರಿಕದ ವಾಯುಸೇನೆಗೆ ಹಾರುವ ತಟ್ಟೆಗಳ ವಿಷಯದಲ್ಲಿ ಸಲಹೆಗಾರನೂ ಆಗಿದ್ದುದು ಕುತೂಹಲಕರವಾದ ಸಂಗತಿ. 1969ರಲ್ಲಿ ಮುಚ್ಚಿದ ವಾಯುಸೇನೆಯ ‘ಬ್ಲೂ ಬುಕ್’ ದಫ್ತರಿನಲ್ಲಿ ಒಟ್ಟು 12,618 ವರದಿಗಳಿದ್ದು, 701 ಮಾತ್ರ ಬಗೆಹರಿಯದೆ ಉಳಿದವು. ಬಗೆಹರಿದವುಗಳಲ್ಲೂ ಕಲಿಯತಕ್ಕುದು ಬಹಳವುಂಟು. 1968ರ ಮಾರ್ಚ್ 3ರ ರಾತ್ರಿ, ಸೋವಿಯತ್ತಿನ ‘ಝೋಂಡ್ 4’ನ್ನು ಹಾರಿಸಿದ ರಾಕೆಟಿನ ಅವಶೇಷಗಳು ಅಮೆರಿಕದ ಹಲವು ರಾಜ್ಯಗಳ ಮೇಲೆ ಉರಿಯುತ್ತ ಸಾಗಿದಾಗ, ಸಾಲಾದ ಕಿಡಿಗಳೆಂದಷ್ಟೇ ಬಣ್ಣಿಸಿದವರಿದ್ದಂತೆಯೇ, ಬೆಳಗಿದ ಚೌಕ ಕಿಟಕಿಗಳುಳ್ಳ, ತಗಡುಗಳನ್ನು ರಿವೆಟ್ ಹೊಡೆದು ಕೂಡಿಸಿದ ನೌಕೆಯೊಂದು ಮರಗಳ ತುದಿಯ ಎತ್ತರದಲ್ಲಿ ಹಾದುಹೋಯಿತೆಂದು ಬರೆದು ತಿಳಿಸಿದವರೂ ಇದ್ದರು. ಅವರು ಸುಳ್ಳು ಹೇಳಿದರೆನ್ನಲಾಗದು. ಒಟ್ಟೊಟ್ಟಿಗೆ ಚಲಿಸುವ ಬಿಡಿ ಕಿಡಿಗಳ ನಡುವಣ ಕತ್ತಲನ್ನು ಮನಸ್ಸೇ ಒಡಲಾಗಿ ತುಂಬಿಕೊಂಡಿತು.

1997ರಿಂದ ಹಾರಿದ ಇರಿಡಿಯಮ್ ಉಪಗ್ರಹಗಳ ಕನ್ನಡಿಯಂಥ ಫಲಕಗಳು ಕೆಲವೇ ಕ್ಷಣಗಳ ಕಾಲ ಶುಕ್ರನನ್ನೂ ಮೀರಿಸಿ ಝಗಝಗಿಸುತ್ತಿದ್ದವಾದರೂ, ಆ ಹೊಳಪು ಯಾವ ಊರಿನಲ್ಲಿ ಯಾವ ನಿಮಿಷದಲ್ಲೆಂಬುದನ್ನು ಗಣಕಗಳು ಮೊದಲೇ ಸಾರತೊಡಗಿದ್ದರಿಂದ ಬೆರಗಿದ್ದಲ್ಲಿ ಬೇಟ ಹುಟ್ಟಿತು. 2019ರ ಮೇ ತಿಂಗಳಲ್ಲಿ ಒಂದೇ ಉಡಾವಣೆಯಲ್ಲಿ ಮೇಲೇರಿದ 60 ಸ್ಟಾರ್‌ಲಿಂಕ್ ಉಪಗ್ರಹಗಳು ರೈಲಿನಂತೆ ಸಾಲುಗಟ್ಟಿ ಹೊರಟಾಗ ಹಳೆಯ ಸಂಶಯಗಳೆಲ್ಲ ಮರಳಿದವು.

ಭಾರತದಲ್ಲಿ ಕಕ್ಷಾವಸ್ತುಗಳ ಹಾದಿಯನ್ನು ಗಣಿಸುವ ಕೆಲಸಕ್ಕೆಂದು ಇಸ್ರೋ ಸಂಸ್ಥೆಯ ಕೇಂದ್ರವೊಂದು 2020ರ ಡಿಸೆಂಬರ್ 14ರಂದು ಬೆಂಗಳೂರಿನ ಪೀಣ್ಯದಲ್ಲಿ ಆರಂಭವಾಯಿತು. 2022ರ ಏಪ್ರಿಲ್ 2ರ ಸಂಜೆ ಮಹಾರಾಷ್ಟ್ರ, ಮಧ್ಯಪ್ರದೇಶ, ಗುಜರಾತುಗಳ ಜನ ಬಾನಿನಲ್ಲಿ ಬೆಂಕಿಯ ಗೀರುಗಳನ್ನು ಕಂಡು ಕೆಲವರು ಉಲ್ಕಾಪಾತವೆಂದೂ ಕೆಲವರು ಕ್ಷಿಪಣಿಯೆಂದೂ ಬಗೆದರು. ಚೀನದ ಲಾಂಗ್ ಮಾರ್ಚ್ ರಾಕೆಟೊಂದರ ಭಾಗವು ವಾಯುಮಂಡಲಕ್ಕೆ ಮರಳಬೇಕಾಗಿದ್ದ ಹೊತ್ತು ಮತ್ತು ಹಾದಿ ಆ ನೋಟಕ್ಕೆ ಸರಿಹೊಂದಿದವು. ಅದೇ ರಾತ್ರಿ ಚಂದ್ರಪುರ ಜಿಲ್ಲೆಯ ಹಳ್ಳಿಯೊಂದರಲ್ಲಿ ದೊಡ್ಡ ಲೋಹದ ಬಳೆಯೊಂದು ನೆಲದ ಮೇಲೆ ಬಿದ್ದಿರುವುದು ಕಂಡುಬಂದಿತು.