ಗೋಡೆಯ ಬಿರುಕಿಗೂ ಒಂದು ಚರಿತ್ರೆ

ಶಿವರಾತ್ರಿ ಕಳೆದು ಬಿಸಿಲು ಬಲಿತಂತೆ ಎರೆಹೊಲ ಬಾಯಿ ಬಿಡುತ್ತದೆ. ಕೈಯಲ್ಲಿನ ಕೋಲು ಇಳಿಬಿಟ್ಟರೆ ತಳ ಸಿಗದಷ್ಟು ಆಳದ ಬಿರುಕುಗಳು. ಮುಂಗಾರು ಹಿಡಿದು ನಾಲ್ಕು ಹದ ಮಳೆ ಬಿದ್ದರೆ ಅದೇ ನೆಲ ಉಬ್ಬಿ, ಬಿರುಕು ಕೂಡಿಕೊಂಡು, ಕಾಲಿಗಂಟುವ ಜಿಗುಟು ಕೆಸರಾಗುತ್ತದೆ. ರೈತನಿಗೆ ಇದರಲ್ಲಿ ಹೊಸದೇನೂ ಇಲ್ಲ. ಆದರೆ ಆ ನೆಲದ ಮೇಲೆ ಸಾಲ ಮಾಡಿ ಮನೆ ಕಟ್ಟಿದವನಿಗೆ, ಕಿಟಕಿಯ ಮೂಲೆಯಿಂದ ಓರೆಯಾಗಿ ಸೀಳಿಹೋದ ಗೋಡೆ ಕಂಡಾಗ ಎದೆ ಝಲ್ಲೆನ್ನುತ್ತದೆ. ಮೇಸ್ತ್ರಿಯ ಮೇಲೆ ಸಿಟ್ಟು ಬರುತ್ತದೆ, ವಾಸ್ತುವಿನ ಮೇಲೆ ಅನುಮಾನ ಹುಟ್ಟುತ್ತದೆ. ತಪ್ಪು ಬಹುಮಟ್ಟಿಗೆ ಇರುವುದು ಪಾಯದ ಕೆಳಗೆ.

1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ಉದಯವಾದಾಗ ಚನ್ನಗಿರಿ ಮತ್ತು ಹೊನ್ನಾಳಿ ತಾಲ್ಲೂಕುಗಳು ಶಿವಮೊಗ್ಗದಿಂದ, ಜಗಳೂರು ಚಿತ್ರದುರ್ಗದಿಂದ ಬಂದು ಸೇರಿದವು. ಇಂದು ಪ್ರತ್ಯೇಕ ತಾಲ್ಲೂಕಾಗಿರುವ ನ್ಯಾಮತಿ ಅಂದು ಹೊನ್ನಾಳಿಯ ಭಾಗವಾಗಿತ್ತು. ಕಚೇರಿಯ ಕಾಗದದಲ್ಲಿ ಒಂದಾದರೂ ಮನೆ ಕಟ್ಟುವ ರೀತಿಯಲ್ಲಿ ಈ ಸೀಮೆಗಳು ಒಂದಾಗಿರಲಿಲ್ಲ. ಮಲೆನಾಡಿನ ಅಂಚಿನಲ್ಲಿರುವ ನ್ಯಾಮತಿ, ಚನ್ನಗಿರಿಗಳ ಕಡೆ ಇಳಿಜಾರಿನ ಹೆಂಚಿನ ಮನೆ. ಮಳೆ ಕಡಿಮೆಯಾದ ಜಗಳೂರಿನ ಬಯಲಿನಲ್ಲಿ ತೊಲೆ, ಜಂತೆಗಳ ಮೇಲೆ ಮಣ್ಣು ಹೊದಿಸಿದ ಮಾಳಿಗೆ ಮನೆ. ಎರಡಕ್ಕೂ ಸಾಮಾನ್ಯವಾಗಿದ್ದುದು ದಪ್ಪನೆಯ ಮಣ್ಣಿನ ಗೋಡೆ.

ಆ ಗೋಡೆಯನ್ನು ಒಂದೇ ಸಲಕ್ಕೆ ಎಬ್ಬಿಸುತ್ತಿರಲಿಲ್ಲ. ಮಣ್ಣಿಗೆ ಹುಲ್ಲು, ಹೊಟ್ಟು ಬೆರೆಸಿ, ನೀರು ಹಾಕಿ ಕೊಳೆಯಿಟ್ಟು, ಚೆನ್ನಾಗಿ ತುಳಿದು ಒಂದು ವರಸೆ ಹಾಕುವುದು. ಅದು ಒಣಗಿ ಕುಗ್ಗುವಷ್ಟು ಕುಗ್ಗಿದ ಮೇಲೆ ಇನ್ನೊಂದು ವರಸೆ. ಕುಗ್ಗುವ ಮಣ್ಣಿಗೆ ಕುಗ್ಗಲು ಬಿಡುವು ಕೊಡುವುದೇ ಅದರ ಗುಟ್ಟು. ಅಷ್ಟಾಗಿಯೂ ಬಿರುಕು ಬಿಡುತ್ತಿತ್ತು. ಹಬ್ಬದ ಮುಂಚೆ ಹೆಂಗಸರು ಗೋಡೆಗೆ ಮಣ್ಣು ಮೆತ್ತಿ, ಸಗಣಿಯಿಂದ ಸಾರಿಸಿ, ಸುಣ್ಣ, ಕೆಮ್ಮಣ್ಣು ಬಳಿದರೆ ಆ ವರ್ಷದ ಬಿರುಕು ಆ ವರ್ಷಕ್ಕೇ ಮುಗಿಯುತ್ತಿತ್ತು. ಈ ವಾರ್ಷಿಕ ದುರಸ್ತಿ ನಿಂತುಹೋದ ಮನೆಗಳೇ ಮಳೆಗಾಲದಲ್ಲಿ ಮೊದಲು ಕುಸಿಯುವುದು ಎಂಬುದನ್ನು ಇಲ್ಲಿ ಹೇಳಲೇಬೇಕು.

ಉಳ್ಳವರ ಮನೆಗೆ, ಗುಡಿಗೆ ಗಾರೆ. ಎತ್ತು ಕಟ್ಟಿ ಕಲ್ಲಿನ ಚಕ್ರದಿಂದ ಸುಣ್ಣ, ಮರಳು ಅರೆಯುತ್ತಿದ್ದ ಗಾರೆ ಗಾಣದ ವೃತ್ತಾಕಾರದ ಕಾಲುವೆಗಳು ಕೆಲವು ಊರುಗಳಲ್ಲಿ ಈಗಲೂ ಕಾಣಸಿಗುತ್ತವೆ. ಗಾರೆ ನಿಧಾನವಾಗಿ ಗಟ್ಟಿಯಾಗುತ್ತದೆ, ಸ್ವಲ್ಪಮಟ್ಟಿಗೆ ಬಾಗುತ್ತದೆ. ಕೂದಲೆಳೆಯ ಬಿರುಕಿನಲ್ಲಿ ನೀರಿಳಿದರೆ ಸುಣ್ಣ ಕರಗಿ, ಮತ್ತೆ ಹೆಪ್ಪುಗಟ್ಟಿ ತಾನೇ ಮುಚ್ಚಿಕೊಳ್ಳುವುದೂ ಉಂಟು. ಸಿಮೆಂಟಿಗೆ ಈ ಗುಣ ಕಡಿಮೆ. ಚನ್ನಗಿರಿಯ ಪಕ್ಕದ ಭದ್ರಾವತಿಯಲ್ಲಿಯೇ 1930ರ ದಶಕದ ಕೊನೆಯ ಹೊತ್ತಿಗೆ ಸಿಮೆಂಟ್ ತಯಾರಿಕೆ ಆರಂಭವಾಯಿತು. ಹಳ್ಳಿಗಳಿಗೆ ಅದು ಇಳಿದುಬರಲು ಮತ್ತೆ ದಶಕಗಳೇ ಹಿಡಿದವು. ಬಂದ ಮೇಲೆ ಗೋಡೆ ತೆಳುವಾಯಿತು, ಗಡುಸಾಯಿತು. ಬಾಗದ್ದು ಸೀಳಲೇಬೇಕು.

ಇದರ ಜೊತೆಗೆ ಇನ್ನೊಂದು ಬದಲಾವಣೆ ಸದ್ದಿಲ್ಲದೆ ನಡೆಯಿತು. ಹಳೆಯ ಊರುಗಳು ಸಾಮಾನ್ಯವಾಗಿ ಗರಸು ನೆಲದ ದಿಬ್ಬದ ಮೇಲಿರುತ್ತಿದ್ದವು. ಎರೆ ಬೇಸಾಯಕ್ಕೆ ಮೀಸಲು. ಊರು ಬೆಳೆದಂತೆ ಜನತಾ ಮನೆ, ಆಶ್ರಯ ಮನೆ, ಖಾಸಗಿ ನಿವೇಶನಗಳೆಲ್ಲ ಸಿಕ್ಕ ಜಾಗದಲ್ಲಿ, ಎಷ್ಟೋ ಕಡೆ ಎರೆಹೊಲದಲ್ಲಿಯೇ ಎದ್ದವು. 1960ರ ದಶಕದಲ್ಲಿ ಭದ್ರಾ ಜಲಾಶಯ ಪೂರ್ಣಗೊಂಡು ಚನ್ನಗಿರಿ, ಹೊನ್ನಾಳಿಗಳ ಬಯಲಿಗೆ ನಾಲೆಯ ನೀರು ಹರಿಯಿತು. ಬತ್ತದ ಗದ್ದೆಗೂ ಅಡಿಕೆ ತೋಟಕ್ಕೂ ಅಂಟಿಕೊಂಡ ಮನೆಯ ಒಂದು ಮಗ್ಗುಲು ಸದಾ ತೇವ, ಇನ್ನೊಂದು ಮಗ್ಗುಲು ಒಣ ಎಂದಾದರೆ ಎರೆನೆಲ ಒಂದು ಕಡೆ ಎತ್ತುತ್ತದೆ, ಇನ್ನೊಂದು ಕಡೆ ಇಳಿಯುತ್ತದೆ. ನಡುವೆ ಸಿಕ್ಕ ಗೋಡೆ ಏನು ಮಾಡೀತು?

ಎರೆಮಣ್ಣಿನಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಖನಿಜ ನೀರು ಹೀರಿ ಉಬ್ಬುತ್ತದೆ ಎಂಬುದು ವಿಜ್ಞಾನಿಗಳು ಕಂಡುಕೊಂಡ ಕಾರಣ. ಇದಕ್ಕೆ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಬುಡ ಅಗಲವಾದ ಕಾಂಕ್ರೀಟ್ ಕಂಬದ ಪಾಯವನ್ನು ರೂಪಿಸಿತು. ತೇವ ಏರಿಳಿಯದ ಆಳದಲ್ಲಿ ಕಂಬ ಊರಿ, ಅದರ ಮೇಲೆ ಮನೆ ನಿಲ್ಲಿಸುವ ವಿಧಾನವಿದು. ನಮ್ಮ ಮಲಪ್ರಭಾ ನಾಲೆ ಇದೇ ಮಣ್ಣಿನ ಕಾಟಕ್ಕೆ ಸಿಕ್ಕಾಗ ಮುಂಬಯಿ ಐ.ಐ.ಟಿ.ಯ ಪ್ರೊ. ಆರ್.ಕೆ. ಕಟ್ಟಿ ಅವರು ಉಬ್ಬದ ಮಣ್ಣಿನ ದಪ್ಪ ಪದರವನ್ನು ನಡುವೆ ಹಾಸುವ ಉಪಾಯ ಕೊಟ್ಟರು. ಎರೆಯನ್ನು ತೋಡಿ ತೆಗೆದು ಗರಸು ತುಂಬಿ ದಿಮ್ಮಸು ಹೊಡೆಯುವ ಹಳ್ಳಿಯ ಪದ್ಧತಿ ಇದರ ನೆಂಟನೇ.

ಎಲ್ಲ ಬಿರುಕೂ ಅಪಾಯದ್ದಲ್ಲ. ಗಿಲಾವಿನ ಮೇಲೆ ಬಲೆಯಂತೆ ಹರಡಿದ ಕೂದಲೆಳೆಗಳು ಒಣಗುವಾಗ ಆದವು. ಆರ್.ಸಿ.ಸಿ. ತಾರಸಿಯ ಕೆಳಗೆ ಅಡ್ಡಕ್ಕೆ ಬಿಟ್ಟ ಗೆರೆ ಬಿಸಿಲಿಗೆ ತಾರಸಿ ಹಿಗ್ಗಿದ್ದರ ಗುರುತು. ಬಾಗಿಲು, ಕಿಟಕಿಗಳ ಮೂಲೆಯಿಂದ ಮೆಟ್ಟಿಲಿನಂತೆ ಓರೆಯಾಗಿ ಹೋಗುವ ಬಿರುಕು ಪಾಯ ಅಲುಗಿದ್ದನ್ನು ಹೇಳುತ್ತದೆ. ಬಿರುಕಿನ ಎರಡೂ ತುದಿಗೆ ಪೆನ್ಸಿಲ್ಲಿನಲ್ಲಿ ಗುರುತು ಹಾಕಿ ತಾರೀಖು ಬರೆಯಬೇಕು. ಅಡ್ಡಲಾಗಿ ಗಾಜಿನ ಪಟ್ಟಿಯೊಂದನ್ನು ಸಿಮೆಂಟಿನಿಂದ ಅಂಟಿಸಿಡಬೇಕು. ಗಾಜು ಒಡೆದರೆ ಗೋಡೆ ಇನ್ನೂ ಚಲಿಸುತ್ತಿದೆ ಎಂದರ್ಥ. ಒಂದು ಬೇಸಿಗೆ, ಒಂದು ಮಳೆಗಾಲ ನೋಡದೆ ಸಿಮೆಂಟ್ ತುರುಕುವುದು ದುಡ್ಡು ದಂಡ. ಬಚ್ಚಲ ನೀರು ಪಾಯದ ಬಳಿ ಇಂಗುತ್ತಿದ್ದರೆ ಅದನ್ನು ದೂರ ಸಾಗಿಸುವುದು ಮೊದಲ ಚಿಕಿತ್ಸೆ. ಅದರಿಂದಲೇ ಅರ್ಧ ರೋಗ ವಾಸಿಯಾಗುವುದೂ ಉಂಟು. ಮಣ್ಣಿನ ಗೋಡೆಗೆ ಮಣ್ಣೇ ಮದ್ದು; ಮೇಲೆ ಸಿಮೆಂಟ್ ಬಳಿದರೆ ಒಳಗಿನ ತೇವ ಹೊರಬರಲಾರದೆ ಗೋಡೆ ಕೊಳೆಯುತ್ತದೆ. ಬುಡ ನೆನೆದು ಹೊಟ್ಟೆ ಮುಂದಕ್ಕೆ ಬಂದ ಮಣ್ಣಿನ ಗೋಡೆಯ ವಿಷಯದಲ್ಲಿ ಮಾತ್ರ ಕಾಯುವಂತಿಲ್ಲ. ಆ ರಾತ್ರಿಯೇ ಹಾಸಿಗೆ ಬೇರೆ ಕಡೆಗೆ ಹೋಗಬೇಕು.

2019ರ ಆಗಸ್ಟ್‌ನ ನೆರೆಯಲ್ಲಿ ತುಂಗಭದ್ರೆ ಹೊನ್ನಾಳಿಯ ತಗ್ಗಿನ ಬಡಾವಣೆಗಳಿಗೆ ನುಗ್ಗಿದ್ದಳು. ಆಗ ರಾಜ್ಯದಲ್ಲಿ ಹಾನಿಗೊಂಡ ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಲಾಯಿತು. ಶೇ 75ಕ್ಕಿಂತ ಹೆಚ್ಚು ಹಾಳಾದ ಮನೆಗೆ ರೂ. 5 ಲಕ್ಷ, ಶೇ 15ರಿಂದ 25ರಷ್ಟು ಹಾನಿಗೆ ರೂ. 50 ಸಾವಿರ. ನೀರು ಇಳಿದ ಮೇಲೆ ನಿಂತೇ ಇರುವ, ಆದರೆ ಸೀಳಿರುವ ಗೋಡೆ ಯಾವ ಅಕ್ಷರಕ್ಕೆ ಸೇರುತ್ತದೆ ಎಂಬುದರ ಮೇಲೆ ಒಂದು ಸಂಸಾರದ ಮುಂದಿನ ಹತ್ತು ವರ್ಷ ನಿಂತಿರುತ್ತದೆ.

ಜಗಳೂರಿನ ಕಥೆ ಈಗ ತಿರುವಿನಲ್ಲಿದೆ. ತುಂಗಭದ್ರೆಯ ನೀರೆತ್ತಿ ತಾಲ್ಲೂಕಿನ 57 ಕೆರೆಗಳನ್ನು ತುಂಬಿಸುವ ಯೋಜನೆ ಕೈಗೂಡಿದೆ. ಭದ್ರಾ ಮೇಲ್ದಂಡೆಯ ನಿರೀಕ್ಷೆಯೂ ಇದೆ. ಬಹುಕಾಲ ಒಣಗಿದ್ದ ಕೆರೆಗಳ ಸುತ್ತ ಎರೆನೆಲಕ್ಕೆ ಮತ್ತೆ ತೇವ ತಾಗುವಾಗ, ಅಲ್ಲಿ ಪಾಯ ತೋಡುವವರು ಮೊದಲು ಆಳುದ್ದದ ಗುಂಡಿ ತೆಗೆದು ಎರೆ ಎಲ್ಲಿಗೆ ಮುಗಿದು ಗರಸು ಎಲ್ಲಿ ಶುರುವಾಗುತ್ತದೆಂದು ನೋಡಿಕೊಳ್ಳುವುದು ಒಳ್ಳೆಯದು. ಅದಕ್ಕೆ ಬೇಕಾದದ್ದು ಒಂದು ದಿನದ ಕೂಲಿ.