ತೂಕದ ಮೋಸ ಮತ್ತು 20 ದಿನಗಳ ಅಮಾನತು

ನಮ್ಮ ದನಗಳ ಜಾತ್ರೆಯಲ್ಲಿ ದಲ್ಲಾಳಿಯು ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುತ್ತಾನೆ; ಎತ್ತನ್ನು ತೂಗುವ ಪ್ರಸಂಗವೇ ಅಲ್ಲಿಲ್ಲ. ಅಮೆರಿಕದ ಮಾತು ಬೇರೆ. ಮಾಂಸಕ್ಕಾಗಿ ಮಾರುವ ದನಕ್ಕೆ ಅಲ್ಲಿ ತೂಕವೇ ಬೆಲೆ. ರೈತನು ನಂಬಿ ದನವನ್ನು ದಲ್ಲಾಳಿಗೆ ಒಪ್ಪಿಸುತ್ತಾನೆ; ತೂಗಿಸುವವನೂ ಮಾರಿಸುವವನೂ ಅವನೇ. ತಕ್ಕಡಿಯ ಮುಳ್ಳು ಕೊಂಚ ಈಚೆಗೆ ನಿಂತರೆ ರೈತನ ಗಂಟು ಅಷ್ಟು ಕರಗಿತೆಂದೇ ಲೆಕ್ಕ.

ಷಿಕಾಗೋವಿನ ಯೂನಿಯನ್ ಸ್ಟಾಕ್ ಯಾರ್ಡ್ಸ್ 1865ರಲ್ಲಿ ತೆರೆದ ಮೇಲೆ, ಕಾಲಕ್ರಮದಲ್ಲಿ ಮಾಂಸದ ವ್ಯಾಪಾರದ ಬಹುಭಾಗವು ಸ್ವಿಫ್ಟ್, ಆರ್ಮರ್ ಮೊದಲಾದ ಐದು ಕಂಪನಿಗಳ ಮುಷ್ಟಿಗೆ ಬಂದಿತು. ಇದನ್ನು ಹತ್ತಿಕ್ಕಲು 1921ರಲ್ಲಿ ಪ್ಯಾಕರ್ಸ್ ಅಂಡ್ ಸ್ಟಾಕ್‌ಯಾರ್ಡ್ಸ್ ಶಾಸನ ಹುಟ್ಟಿತು. ದನದ ವ್ಯಾಪಾರಿಗಳೂ ದಲ್ಲಾಳಿಗಳೂ ವ್ಯವಸಾಯ ಕಾರ್ಯದರ್ಶಿಯಲ್ಲಿ ಹೆಸರು ನೋಂದಾಯಿಸಬೇಕೆಂದು ವಿಧಿಯಾಯಿತು. ಇದು ಸ್ಥಳೀಯ ವ್ಯವಹಾರ, ಕೇಂದ್ರಕ್ಕೇನು ಸಂಬಂಧವೆಂದು ಅವರು ಕೋರ್ಟಿಗೆ ಹೋದರು. ಮಾರುಕಟ್ಟೆಯೆಂಬುದು ರಾಜ್ಯದಿಂದ ರಾಜ್ಯಕ್ಕೆ ಹರಿಯುವ ವ್ಯಾಪಾರದ ಕಂಠವೆಂಬ ಅರ್ಥದಲ್ಲಿ ಮುಖ್ಯ ನ್ಯಾಯಾಧೀಶ ಟ್ಯಾಫ್ಟ್ 1922ರಲ್ಲಿ ಉತ್ತರವಿತ್ತರು. ವ್ಯಾಪಾರಿಗಳಿಂದ ಜಾಮೀನು ಕೇಳುವ, ತಪ್ಪಿತಸ್ಥರ ನೋಂದಣಿಯನ್ನು ಅಮಾನತಿನಲ್ಲಿಡುವ ಅಧಿಕಾರಗಳು 1943ರ ಶಾಸನದಲ್ಲಿ ಸ್ಪಷ್ಟವಾಗಿ ಬರೆಯಲ್ಪಟ್ಟವು.

ಆ ಅಧಿಕಾರದ ನಿಜವಾದ ಪರೀಕ್ಷೆ ನಡೆದುದು ಗ್ಲೋವರ್ ಎಂಬ ಅರ್ಕಾನ್ಸಾಸ್ ದಲ್ಲಾಳಿ ಕಂಪನಿಯ ಮೊಕದ್ದಮೆಯಲ್ಲಿ. ರೈತರು ಒಪ್ಪಿಸಿದ ದನಗಳನ್ನು ಕಡಿಮೆ ತೂಗಿದ ಅಪರಾಧ. ಮುಂಚೆ ಎಚ್ಚರಿಸಿದ್ದೂ ಉಂಟು. ಇಲಾಖೆಯು ಇಂಥದು ಇನ್ನು ನಡೆಯಕೂಡದೆಂದು ಆಜ್ಞೆಯಿತ್ತು, ನೋಂದಣಿಯನ್ನು 20 ದಿನ ಅಮಾನತಿನಲ್ಲಿಟ್ಟಿತು. ಮೇಲ್ಮನವಿ ನ್ಯಾಯಾಲಯವು ಅಪರಾಧವನ್ನೂ ಆಜ್ಞೆಯನ್ನೂ ಒಪ್ಪಿ, ಅಮಾನತನ್ನು ಮಾತ್ರ ತೆಗೆದುಹಾಕಿತು. ಹೆಸರು ಕೆಟ್ಟಿತಲ್ಲ, ಅದೇ ಸಾಲದೇ ಎಂಬ ಧೋರಣೆ.

ಈ ಕರುಣೆ ನನಗೆ ವಿಚಿತ್ರವಾಗಿ ತೋರುತ್ತದೆ. ಬಾಗಿಲು ಮುಚ್ಚಿದರೆ ಆಳುಕಾಳುಗಳ ಕೂಲಿ ತಪ್ಪೀತು, ರೈತರು ಬೇರೆ ಸಂತೆಗೆ ಅಲೆದಾರು, ಅದು ಸುಳ್ಳಲ್ಲ. ಆದರೆ ತೂಕದಲ್ಲಿ ನಷ್ಟಪಟ್ಟವನ ದನ ಆಗಲೇ ಕಸಾಯಿಖಾನೆ ಸೇರಿರುತ್ತದೆ. ಅದನ್ನು ಮರಳಿ ತಕ್ಕಡಿಗೇರಿಸುವವರಾರು?

1973ರಲ್ಲಿ ಸುಪ್ರೀಂ ಕೋರ್ಟು, ನ್ಯಾಯಮೂರ್ತಿ ಬ್ರೆನ್ನನ್ನರ ಲೇಖಣಿಯಿಂದ, ಶಿಕ್ಷೆಯ ಆಯ್ಕೆ ಕಾರ್ಯದರ್ಶಿಯ ವಿವೇಚನೆಗೆ ಸೇರಿದ್ದೆಂದಿತು. ಕಾನೂನಿನ ಆಧಾರವಿಲ್ಲದಿದ್ದರೆ, ಇಲ್ಲವೇ ಸಂಗತಿಗಳ ಸಮರ್ಥನೆಯಿಲ್ಲದಿದ್ದರೆ ಮಾತ್ರ ಕೋರ್ಟು ಕೈಹಾಕಬಹುದು. ಬೇರೊಬ್ಬನಿಗೆ ಕಡಿಮೆ ಶಿಕ್ಷೆಯಾಯಿತೆಂಬುದು ವಾದವಾಗದು. ಸ್ಟುವರ್ಟ್ ಮತ್ತು ಡಗ್ಲಾಸ್ ಭಿನ್ನಮತ ತಾಳಿದರು. 20 ದಿನಗಳ ಅಮಾನತು ಊರ್ಜಿತವಾಯಿತು.