ಎಲೆಕ್ಟ್ರಿಕ್ ಕಾರಿನ ಗೇರ್‌ಬಾಕ್ಸ್: ಮನೆಯಲ್ಲಿ ದೋಷ ಪತ್ತೆ ಹೇಗೆ, ರಿಪೇರಿ ಎಲ್ಲಿಯವರೆಗೆ?

ಎಲೆಕ್ಟ್ರಿಕ್ ಕಾರಿಗೆ ಕ್ಲಚ್ ಇಲ್ಲ, ಗೇರ್ ಬದಲಿಸುವ ಕೆಲಸವೂ ಇಲ್ಲ. ಹಾಗೆಂದು ಗೇರ್‌ಬಾಕ್ಸೇ ಇಲ್ಲ ಎಂದು ತಿಳಿಯಬಾರದು. ಮೋಟಾರಿಗೂ ಚಕ್ರಕ್ಕೂ ನಡುವೆ ಒಂದೇ ವೇಗದ ಸಣ್ಣ ಗೇರ್‌ಬಾಕ್ಸ್ ಇರುತ್ತದೆ. ಇದಕ್ಕೆ ರಿಡಕ್ಷನ್ ಗೇರ್‌ಬಾಕ್ಸ್ ಎಂದು ಹೆಸರು. ಇಂಜಿನ್ ಸದ್ದು ಇಲ್ಲದ ಕಾರಾದ್ದರಿಂದ ಇದರೊಳಗಿಂದ ಸ್ವಲ್ಪ ಗುಂಯ್‌ಗುಟ್ಟಿದರೂ ಕೂಡಲೇ ಕಿವಿಗೆ ಬೀಳುತ್ತದೆ.

ಗಡಿಭಾಗದ ಹಳ್ಳಿಗಳಿಗೆ ಕಂಪನಿಯ ಸರ್ವಿಸ್ ಸೆಂಟರ್ ಹತ್ತಿರವಿರುವುದು ಅಪರೂಪ. ಹೋದ ಮೇಲೆ ಒಂದು ಬೇರಿಂಗ್ ಹಾಕಿದರೆ ಮುಗಿಯುವ ಕಡೆ ಇಡೀ ಜೋಡಣೆಯನ್ನೇ ಬದಲಿಸಬೇಕೆಂಬ ಮಾತು ಬಂದರೆ ಖರ್ಚು ಕೈಮೀರುತ್ತದೆ. ಆದ್ದರಿಂದ ದೋಷ ಎಲ್ಲಿದೆ ಎಂಬುದನ್ನು ಮಾಲೀಕರು ಮೊದಲೇ ಅರಿತಿದ್ದರೆ ಹಣವೂ ಉಳಿಯುತ್ತದೆ, ಓಡಾಟವೂ ತಪ್ಪುತ್ತದೆ. ಸದ್ದು ಪತ್ತೆ ಮಾಡುವುದು, ಆಯಿಲ್ ಪರೀಕ್ಷಿಸಿ ಬದಲಿಸುವುದು, ಸೋರುವ ಆಯಿಲ್ ಸೀಲ್ ಹಾಕುವುದು – ಈ ಮೂರು ಕೆಲಸ ಮನೆಯಂಗಳದಲ್ಲಿ ಸಾಧ್ಯ. ಗೇರ್‌ಬಾಕ್ಸನ್ನು ಬಿಚ್ಚುವುದು ಮಾತ್ರ ಮನೆಯ ಕೆಲಸವಲ್ಲ.

ಒಳಗೆ ಏನಿದೆ?

ಮೋಟಾರು ಬಹಳ ವೇಗವಾಗಿ ತಿರುಗುತ್ತದೆ, ಚಕ್ರಕ್ಕೆ ಅಷ್ಟು ವೇಗ ಬೇಡ, ಬೇಕಾದುದು ಬಲ. ಗೇರ್‌ಬಾಕ್ಸ್ ವೇಗವನ್ನು ಇಳಿಸಿ ಬಲವನ್ನು ಏರಿಸುತ್ತದೆ. 2010ರಲ್ಲಿ ಬಂದ ನಿಸ್ಸಾನ್ ಲೀಫ್ ಕಾರನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅದರ ಮೋಟಾರಿನ ಬಲ 280 ನ್ಯೂಟನ್ ಮೀಟರ್, ಗೇರ್ ಅನುಪಾತ ಸುಮಾರು 7.94. ಅಂದರೆ ಮೋಟಾರು ಸುಮಾರು ಎಂಟು ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು ಬರುತ್ತದೆ. ಚಕ್ರಗಳಿಗೆ ತಲುಪುವ ಬಲ ಲೆಕ್ಕದಲ್ಲಿ 2,200 ನ್ಯೂಟನ್ ಮೀಟರ್ ದಾಟುತ್ತದೆ.

ಈ ಇಳಿಕೆ ಸಾಮಾನ್ಯವಾಗಿ ಎರಡು ಹಂತದಲ್ಲಿ ನಡೆಯುತ್ತದೆ. ಮೋಟಾರಿನ ಶಾಫ್ಟಿನ ಚಿಕ್ಕ ಗೇರು ನಡುವಿನ ಶಾಫ್ಟಿನ ದೊಡ್ಡ ಗೇರನ್ನು ತಿರುಗಿಸುತ್ತದೆ. ನಡುವಿನ ಶಾಫ್ಟಿನ ಚಿಕ್ಕ ಗೇರು ಡಿಫರೆನ್ಷಿಯಲ್‌ಗೆ ಕೂಡಿಸಿದ ಕೊನೆಯ ದೊಡ್ಡ ಗೇರನ್ನು ತಿರುಗಿಸುತ್ತದೆ. ಪ್ರತಿ ಶಾಫ್ಟಿಗೂ ಎರಡು ತುದಿಯಲ್ಲಿ ಬೇರಿಂಗ್. ಹಲ್ಲುಗಳು ಓರೆಯಾಗಿರುವುದರಿಂದ ಸದ್ದು ಕಡಿಮೆ, ಆದರೆ ಶಾಫ್ಟನ್ನು ಪಕ್ಕಕ್ಕೆ ತಳ್ಳುವ ಒತ್ತಡ ಬೇರಿಂಗ್‌ಗಳ ಮೇಲೆ ಬೀಳುತ್ತದೆ. ರಿವರ್ಸ್‌ಗೆ ಬೇರೆ ಗೇರಿಲ್ಲ, ಮೋಟಾರೇ ಹಿಂದಕ್ಕೆ ತಿರುಗುತ್ತದೆ.

ಮೊದಲು ಜೀವ, ಆಮೇಲೆ ಕಾರು

2001ರಲ್ಲಿ ಬೆಂಗಳೂರಿನಿಂದ ಮಾರುಕಟ್ಟೆಗೆ ಬಂದ ರೇವಾ ಕಾರು 48 ವೋಲ್ಟ್‌ನದು. ಈಗಿನ ಕಾರುಗಳು ಹಾಗಲ್ಲ. 2020ರಲ್ಲಿ ಬಂದ ಟಾಟಾ ನೆಕ್ಸಾನ್ ಇವಿಯ ಬ್ಯಾಟರಿ ಸುಮಾರು 320 ವೋಲ್ಟ್‌ನದು. ಅದು ಬ್ಯಾಟರಿಯ ಡಿಸಿ ಕರೆಂಟು, ತಗುಲಿದರೆ ಪ್ರಾಣ ಹೋಗುತ್ತದೆ. ಆದ್ದರಿಂದ ಕೆಳಗಿನ ನಿಯಮಗಳನ್ನು ತಪ್ಪದೆ ಪಾಲಿಸಬೇಕು.

* ಕಿತ್ತಳೆ ಬಣ್ಣದ ಕೇಬಲ್ಲನ್ನಾಗಲಿ, ಅದರ ಕನೆಕ್ಟರನ್ನಾಗಲಿ ಮನೆಯಲ್ಲಿ ಸಡಿಲಿಸಬಾರದು. 12 ವೋಲ್ಟ್ ಬ್ಯಾಟರಿಯ ತಂತಿ ಕಳಚಿದ ಮಾತ್ರಕ್ಕೆ ಅಪಾಯ ಹೋಗಲಿಲ್ಲ. ಇನ್ವರ್ಟರ್‌ನ ಕೆಪಾಸಿಟರ್‌ಗಳಲ್ಲಿ ಕರೆಂಟು ಸ್ವಲ್ಪ ಹೊತ್ತು ಉಳಿದಿರುತ್ತದೆ.
* ಚಾರ್ಜರ್ ತೆಗೆದು, ಕಾರು ಆಫ್ ಮಾಡಿ, ಕೀಲಿಯನ್ನು ಮನೆಯೊಳಗೆ ದೂರ ಇಡಬೇಕು. ಈ ಕಾರು ಆನ್ ಇದ್ದರೂ ಸದ್ದು ಮಾಡುವುದಿಲ್ಲ.
* ಜಾಕ್ ಮಾತ್ರ ನಂಬಿ ಅಡಿಗೆ ಹೋಗಬಾರದು. ಸ್ಟ್ಯಾಂಡ್ ಕೊಟ್ಟು, ನೆಲದ ಮೇಲಿರುವ ಚಕ್ರಗಳಿಗೆ ಅಡ್ಡ ಕೊಡಬೇಕು.
* ಚಕ್ರ ಎತ್ತಿದ ಸ್ಥಿತಿಯಲ್ಲಿ ಮೋಟಾರು ಓಡಿಸಿ ಸದ್ದು ಕೇಳುವ ಪ್ರಯೋಗ ಬೇಡ. ಕೈಯಿಂದ ನಿಧಾನವಾಗಿ ತಿರುಗಿಸಿದರೆ ಸಾಕು.
* ಕೆಟ್ಟ ಕಾರನ್ನು ಮೋಟಾರು ಇರುವ ಕಡೆಯ ಚಕ್ರ ನೆಲಕ್ಕೆ ತಾಗಿದಂತೆ ಎಳೆಯಬಾರದು. ಮೋಟಾರು ಜನರೇಟರ್ ಆಗಿ ಕರೆಂಟು ಹುಟ್ಟಿಸಬಹುದು.

ಸದ್ದು ಗೇರ್‌ಬಾಕ್ಸಿನದೇ?

ಗೇರ್‌ಬಾಕ್ಸಿನ ಮೇಲೆ ಬರುವ ಆರೋಪ ಎಷ್ಟೋ ಸಲ ಬೇರೆಯವರ ತಪ್ಪು. ಮೊದಲು ಅವುಗಳನ್ನು ಪಟ್ಟಿಯಿಂದ ತೆಗೆಯಬೇಕು.

ಟೈರ್: ಡಾಂಬರು ರಸ್ತೆಯಿಂದ ಕಾಂಕ್ರೀಟ್ ರಸ್ತೆಗೆ ಬಂದ ಕೂಡಲೇ ಸದ್ದಿನ ಧಾಟಿ ಬದಲಾದರೆ ಅದು ಟೈರಿನದು.

ಚಕ್ರದ ಬೇರಿಂಗ್: 40-50 ಕಿ.ಮೀ. ವೇಗದಲ್ಲಿ, ಖಾಲಿ ರಸ್ತೆಯಲ್ಲಿ ಕಾರನ್ನು ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ಹಾಯಿಸಬೇಕು. ಬಲಕ್ಕೆ ತಿರುಗಿದಾಗ ಭಾರ ಎಡ ಚಕ್ರದ ಮೇಲೆ ಬೀಳುತ್ತದೆ. ಆಗ ಸದ್ದು ಹೆಚ್ಚಿದರೆ ಎಡ ಚಕ್ರದ ಬೇರಿಂಗ್ ಮೇಲೆ ಅನುಮಾನ ಪಡಬಹುದು.

ಡ್ರೈವ್ ಶಾಫ್ಟಿನ ಜಾಯಿಂಟ್: ಸ್ಟಿಯರಿಂಗ್ ಪೂರ್ತಿ ತಿರುಗಿಸಿ ನಿಧಾನವಾಗಿ ಹೋದಾಗ ಟಕ್ ಟಕ್ ಎಂದರೆ ಜಾಯಿಂಟ್ ಸವೆದಿದೆ.

ಮೋಟಾರು ಕೂರುವ ರಬ್ಬರ್: ಪೆಡಲ್ ಒತ್ತಿದಾಗ ಒಮ್ಮೆ, ಬಿಟ್ಟಾಗ ಒಮ್ಮೆ ಧಡ್ ಎಂದರೆ ಮೊದಲು ಈ ರಬ್ಬರನ್ನು ನೋಡಬೇಕು. ಬಿರುಕು ಬಿಟ್ಟಿದ್ದರೆ ಕಣ್ಣಿಗೇ ಕಾಣುತ್ತದೆ.

ಮೂರು ಸ್ಥಿತಿಯ ಪರೀಕ್ಷೆ

ಪೆಟ್ರೋಲ್ ಕಾರಿನಲ್ಲಿ ಗೇರ್ ಬದಲಿಸಿ ಇಂಜಿನ್ ಸದ್ದನ್ನೂ ಚಕ್ರದ ಸದ್ದನ್ನೂ ಬೇರ್ಪಡಿಸಬಹುದು. ಎಲೆಕ್ಟ್ರಿಕ್ ಕಾರಿನಲ್ಲಿ ಮೋಟಾರು, ಚಕ್ರ ಎರಡೂ ಒಂದೇ ಅನುಪಾತದಲ್ಲಿ ಕಟ್ಟಿಹಾಕಿಕೊಂಡಿರುವುದರಿಂದ ಆ ದಾರಿ ಇಲ್ಲ. ಬದಲಿಗೆ ಹಲ್ಲುಗಳ ಮೇಲಿನ ಭಾರವನ್ನು ಬದಲಿಸಿ ಕೇಳಬೇಕು. ಸಮತಟ್ಟಾದ ಖಾಲಿ ರಸ್ತೆಯಲ್ಲಿ ಒಂದೇ ವೇಗದ ಆಸುಪಾಸಿನಲ್ಲಿ ಮೂರು ಸ್ಥಿತಿ ನೋಡಬೇಕು: ಪೆಡಲ್ ಒತ್ತಿ ಎಳೆಸುವಾಗ, ಪೆಡಲ್ ಬಿಟ್ಟು ಮೋಟಾರೇ ಬ್ರೇಕ್ ಹಿಡಿಯುವಾಗ, ಕ್ಷಣಕಾಲ ನ್ಯೂಟ್ರಲ್‌ನಲ್ಲಿ.

ಮೂರರಲ್ಲೂ ಒಂದೇ ಸದ್ದು ಇದ್ದರೆ ಟೈರ್ ಅಥವಾ ಯಾವುದೋ ಬೇರಿಂಗ್. ಎಳೆಸುವಾಗ ಜೋರಾಗಿ, ನ್ಯೂಟ್ರಲ್‌ನಲ್ಲಿ ಅಡಗಿದರೆ ಗೇರ್ ಹಲ್ಲು ಅಥವಾ ಭಾರ ಹೊರುವ ಬೇರಿಂಗ್. ಪೆಡಲ್ ಬಿಟ್ಟಾಗ ಮಾತ್ರ ಸದ್ದಾದರೆ ಹಲ್ಲಿನ ಇನ್ನೊಂದು ಮುಖ ಸವೆದಿರಬಹುದು. ಎಳೆಸುವಾಗ ಹಲ್ಲಿನ ಒಂದು ಮುಖದ ಮೇಲೆ ಭಾರ, ಮೋಟಾರು ಬ್ರೇಕ್ ಹಿಡಿದಾಗ ಮತ್ತೊಂದು ಮುಖದ ಮೇಲೆ ಭಾರ. ತಾಳವಾಡಿಯಿಂದ ಬಣ್ಣಾರಿಗೆ ದಿಂಬಂ ಘಾಟಿಯ 27 ತಿರುವುಗಳನ್ನು ಇಳಿಯುವ ಕಾರಿನಲ್ಲಿ ಈ ಎರಡನೆಯ ಮುಖವೇ ಬಹಳ ಹೊತ್ತು ದುಡಿಯುತ್ತದೆ. ಘಾಟಿಯಲ್ಲಿ ಮಾತ್ರ ನ್ಯೂಟ್ರಲ್ ಪರೀಕ್ಷೆ ಕೂಡದು.

ಕಿವಿಯಿಂದ ಎಣಿಸುವ ಲೆಕ್ಕ

ಟಕ್ ಟಕ್ ಎಂಬ ಸದ್ದಾದರೆ ಅದು ಯಾವ ಶಾಫ್ಟಿನದೆಂದು ಎಣಿಸಿಯೇ ಹೇಳಬಹುದು. ಚಕ್ರದ ಸುತ್ತಳತೆ 2 ಮೀಟರ್ ಎಂದಿಟ್ಟುಕೊಂಡರೆ, ಗಂಟೆಗೆ 10 ಕಿ.ಮೀ. ವೇಗದಲ್ಲಿ ಚಕ್ರ 10 ಸೆಕೆಂಡಿಗೆ ಸುಮಾರು 14 ಸುತ್ತು ಬರುತ್ತದೆ. ಅನುಪಾತ 8 ಆದರೆ ಅಷ್ಟೇ ಹೊತ್ತಿನಲ್ಲಿ ಮೋಟಾರು ಸುಮಾರು 111 ಸುತ್ತು. ಹತ್ತು ಸೆಕೆಂಡಿಗೆ 14 ಸಲ ಟಕ್ ಎಂದರೆ ದೋಷ ಕೊನೆಯ ದೊಡ್ಡ ಗೇರಿನಲ್ಲಿ, ಡ್ರೈವ್ ಶಾಫ್ಟಿನಲ್ಲಿ ಅಥವಾ ಚಕ್ರದಲ್ಲಿದೆ. ಎಣಿಸಲಾಗದಷ್ಟು ಬೇಗ, ಸೆಕೆಂಡಿಗೆ 11ರಂತೆ ಬಂದರೆ ಮೋಟಾರಿನ ಶಾಫ್ಟು. ಇವೆರಡರ ನಡುವೆ ಬಂದರೆ ನಡುವಿನ ಶಾಫ್ಟು. ಮೊಬೈಲಿನಲ್ಲಿ ಸದ್ದನ್ನು ರೆಕಾರ್ಡ್ ಮಾಡಿ ನಿಧಾನಗತಿಯಲ್ಲಿ ಕೇಳಿದರೆ ಎಣಿಕೆ ಸುಲಭ. ಮುಂದೆ ಮಲಯಾಳಂ, ತಮಿಳು, ಮರಾಠಿ ಅಥವಾ ತೆಲುಗಿನ ಮೆಕ್ಯಾನಿಕ್ ಮುಂದೆ ನಿಂತಾಗ ವಿವರಣೆಗಿಂತ ಈ ರೆಕಾರ್ಡಿಂಗೇ ಬೇಗ ಕೆಲಸಕ್ಕೆ ಬರುತ್ತದೆ.

ಆಯಿಲ್ ಹೇಳುವ ಸತ್ಯ

ಸದ್ದು ಅನುಮಾನ ಹುಟ್ಟಿಸುತ್ತದೆ, ಆಯಿಲ್ ಅದನ್ನು ಖಚಿತಪಡಿಸುತ್ತದೆ. ಅನೇಕ ಕಾರುಗಳಲ್ಲಿ ಡ್ರೈನ್ ಪ್ಲಗ್ ಬಿಚ್ಚಲು ಕಿತ್ತಳೆ ಕೇಬಲ್ ಮುಟ್ಟಬೇಕಿಲ್ಲ, ಅಡಿಯ ರಕ್ಷಣಾ ತಗಡು ಅಥವಾ ಪ್ಲಾಸ್ಟಿಕ್ ತೆಗೆದರೆ ಸಾಕು. ಕಾರು ಸಮತಟ್ಟಾಗಿ ನಿಂತಿರಬೇಕು, ಆಯಿಲ್ ಉಗುರು ಬೆಚ್ಚಗಿರಬೇಕು.

1. ಮೊದಲು ಆಯಿಲ್ ತುಂಬುವ ಪ್ಲಗ್ ಸಡಿಲಿಸಬೇಕು. ಅದು ಬಿಚ್ಚದಿದ್ದರೆ ಕೆಳಗಿನ ಪ್ಲಗ್ ಮುಟ್ಟಬಾರದು. ಆಯಿಲ್ ಖಾಲಿ ಮಾಡಿ ತುಂಬಲು ದಾರಿಯಿಲ್ಲದಿದ್ದರೆ ಕಾರು ಅಲ್ಲೇ ನಿಲ್ಲುತ್ತದೆ.
2. ಆಯಿಲನ್ನು ಶುದ್ಧವಾದ ತಟ್ಟೆಗೆ ಇಳಿಸಿ ಅಳೆಯಬೇಕು. ಕೈಪಿಡಿಯಲ್ಲಿ ಹೇಳಿದ್ದಕ್ಕಿಂತ ಕಡಿಮೆಯಿದ್ದರೆ ಎಲ್ಲೋ ಸೋರಿಕೆ ಇದೆ.
3. ಬಿಳಿ ಬಟ್ಟೆಯಲ್ಲಿ ಸೋಸಿ ಬೆಳಕಿನಲ್ಲಿ ನೋಡಬೇಕು.
4. ಹೊಸ ವಾಷರ್ ಹಾಕಿ, ಟಾರ್ಕ್ ಪಾನಾದಿಂದ ಕೈಪಿಡಿಯ ಅಳತೆಗೆ ಬಿಗಿಯಬೇಕು. ಕವಚ ಅಲ್ಯುಮಿನಿಯಂನದು, ಬಲ ಹೆಚ್ಚಾದರೆ ಮರೆ ಕಿತ್ತುಹೋಗುತ್ತದೆ.

ಬಟ್ಟೆಯಲ್ಲಿ ಅಥವಾ ಪ್ಲಗ್‌ನ ಅಯಸ್ಕಾಂತದಲ್ಲಿ ಕಂಡದ್ದರ ಅರ್ಥ ಹೀಗಿದೆ. ಬೂದುಬಣ್ಣದ ನುಣುಪಾದ ಹಿಟ್ಟಿನಂಥ ಲೇಪ ಇದ್ದರೆ ಅದು ಹೊಸ ಹಲ್ಲುಗಳು ಹೊಂದಿಕೊಳ್ಳುವಾಗಿನ ಸಹಜ ಸವೆತ. ಆಯಿಲ್ ಕಪ್ಪಾಗಿ ಮಿನುಗುತ್ತಿದ್ದರೆ ಬದಲಿಸಿ, ಕೆಲವು ಸಾವಿರ ಕಿ.ಮೀ. ನಂತರ ಮತ್ತೆ ನೋಡಬೇಕು. ಉಗುರಿಗೆ ಸಿಗುವಂಥ ಚಕ್ಕೆ, ಸೂಜಿಯಂಥ ಚೂರು ಸಿಕ್ಕರೆ ಬೇರಿಂಗ್ ಅಥವಾ ಹಲ್ಲು ಒಡೆಯುತ್ತಿದೆ, ಕಾರು ಓಡಿಸಬಾರದು. ಚಕ್ಕೆ ಅಯಸ್ಕಾಂತಕ್ಕೆ ಅಂಟಿದರೆ ಉಕ್ಕು. ಅಂಟದ ಬೆಳ್ಳಿಬಣ್ಣದ ಚಕ್ಕೆ ಅಲ್ಯುಮಿನಿಯಂ, ಬೇರಿಂಗ್ ತನ್ನ ಗೂಡಿನಲ್ಲೇ ತಿರುಗಿ ಕವಚವನ್ನು ತಿನ್ನುತ್ತಿರಬಹುದು. ಆಯಿಲ್ ಹಾಲು ಬೆರೆಸಿದಂತಿದ್ದರೆ ನೀರು ಸೇರಿದೆ, ತುಂಬಿದ ಹಳ್ಳ ದಾಟಿದ ಕಾರುಗಳಲ್ಲಿ ಇದನ್ನು ತಪ್ಪದೆ ನೋಡಬೇಕು.

ಹೊಸ ಆಯಿಲ್ ಕೈಪಿಡಿ ಹೇಳಿದ್ದೇ ಆಗಬೇಕು. ಟ್ರ್ಯಾಕ್ಟರಿಗೆ ತಂದ 90 ನಂಬರಿನ ಗೇರ್ ಆಯಿಲ್ ಇದಕ್ಕೆ ಸಲ್ಲದು. ನಿಸ್ಸಾನ್ ಲೀಫ್‌ಗೆ ಹೇಳಿರುವುದು ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ತೆಳು ಎಟಿಎಫ್ ಆಯಿಲ್. ಕೆಲವು ಕಾರುಗಳಲ್ಲಿ ಇದೇ ಆಯಿಲ್ ಮೋಟಾರಿನ ತಾಮ್ರದ ಸುರುಳಿಯನ್ನೂ ತಂಪು ಮಾಡುತ್ತದೆ. ಅಲ್ಲಿ ತಪ್ಪು ಆಯಿಲ್ ಬಿದ್ದರೆ ಮೋಟಾರಿಗೂ ಕೇಡು. ತೆಗೆದ ಆಯಿಲನ್ನು ಬಾವಿ, ಹೊಲದ ಹತ್ತಿರ ಚೆಲ್ಲದೆ ಹಳೆ ಆಯಿಲ್ ಕೊಳ್ಳುವವರಿಗೆ ಕೊಡಬೇಕು.

ಸೋರಿಕೆ: ಸೀಲ್‌ಗಿಂತ ಮೊದಲು ಬ್ರೀದರ್

ಡ್ರೈವ್ ಶಾಫ್ಟ್ ಗೇರ್‌ಬಾಕ್ಸಿನೊಳಗೆ ಹೋಗುವ ಕಡೆ ಆಯಿಲ್ ಜಿನುಗಿದರೆ ಸೀಲ್ ಹೋಗಿದೆ ಎನ್ನುತ್ತಾರೆ. ಆದರೆ ಗೇರ್‌ಬಾಕ್ಸಿನ ಮೇಲೆ ಗಾಳಿಯಾಡಲು ಇರುವ ಬ್ರೀದರ್ ಕೊಳವೆ ಕೆಸರಿನಿಂದ ಕಟ್ಟಿಕೊಂಡರೂ ಹೀಗಾಗುತ್ತದೆ. ಬಿಸಿಗೆ ಹಿಗ್ಗಿದ ಗಾಳಿ ಹೊರಹೋಗಲಾರದೆ ಒಳ್ಳೆಯ ಸೀಲಿನ ಮೂಲಕವೇ ಆಯಿಲನ್ನು ತಳ್ಳುತ್ತದೆ. ಬ್ರೀದರ್ ಶುಚಿ ಮಾಡದೆ ಹೊಸ ಸೀಲ್ ಹಾಕಿದರೆ ಅದೂ ಸೋರುತ್ತದೆ.

ಸೀಲ್ ಬದಲಿಸಲು ಆಯಿಲ್ ಇಳಿಸಿ, ಚಕ್ರ, ಹಬ್ ನಟ್ಟು, ಕೆಳಗಿನ ಬಾಲ್ ಜಾಯಿಂಟ್ ಕಳಚಿ ಶಾಫ್ಟನ್ನು ಸಮವಾಗಿ ಮೀಟಿ ಹೊರತೆಗೆಯಬೇಕು. ಹಳೆ ಸೀಲ್ ಕೀಳುವಾಗ ಲೋಹಕ್ಕೆ ಗೀರು ಬೀಳಬಾರದು. ಹೊಸ ಸೀಲಿನ ತುಟಿಗೆ ಅದೇ ಆಯಿಲ್ ಸವರಿ, ಸರಿಯಾದ ಅಳತೆಯ ಕೊಳವೆ ಇಟ್ಟು ಸುತ್ತಲೂ ಸಮನಾಗಿ ಕೂರಿಸಬೇಕು. ಶಾಫ್ಟಿನ ತುದಿಯ ಸರ್ಕ್ಲಿಪ್, ಹಬ್ ನಟ್ಟು ಎರಡೂ ಹೊಸದಿರಲಿ.

ಎಲ್ಲಿ ನಿಲ್ಲಬೇಕು?

ಚಕ್ಕೆ ಸಿಕ್ಕಿ, ಲೆಕ್ಕವೂ ಒಳಗಿನ ಶಾಫ್ಟನ್ನೇ ತೋರಿಸಿದರೆ ಗೇರ್‌ಬಾಕ್ಸ್ ಬಿಚ್ಚಲೇಬೇಕು. ಅದಕ್ಕೆ ಮೋಟಾರು ಇಳಿಸಬೇಕು, ಕಿತ್ತಳೆ ಕೇಬಲ್ ಕಳಚಬೇಕು. ಅದು ತರಬೇತಿ ಪಡೆದವರ ಕೆಲಸ. ಒಳಗಿನ ಕೆಲಸವೂ ನಾಜೂಕಿನದು. ಬೇರಿಂಗ್ ಪಕ್ಕದ ತೆಳುವಾದ ಶಿಮ್ ಬಿಲ್ಲೆಗಳು ಶಾಫ್ಟಿನ ಅಲುಗಾಟವನ್ನು ನಿಗದಿ ಮಾಡುತ್ತವೆ. ಅಳೆಯದೆ ಜೋಡಿಸಿದರೆ ಹೊಸ ಬೇರಿಂಗೂ ಬೇಗ ಸುಡುತ್ತದೆ.

ಆದರೂ ಮಾಲೀಕರು ತಿಳಿದಿರಬೇಕಾದ ಸಂಗತಿಯಿದೆ. ಬೇರಿಂಗ್‌ಗಳಲ್ಲಿ ಬಹಳಷ್ಟು ಅಂತರರಾಷ್ಟ್ರೀಯ ಅಳತೆಯವು, ನಂಬರ್ ಉಂಗುರದ ಮೇಲೇ ಕೊರೆದಿರುತ್ತದೆ. 6208 ಎಂದಿದ್ದರೆ ಒಳ ವ್ಯಾಸ 40, ಹೊರ ವ್ಯಾಸ 80, ದಪ್ಪ 18 ಮಿ.ಮೀ. ಕೊನೆಯ ಎರಡು ಅಂಕಿಯನ್ನು 5ರಿಂದ ಗುಣಿಸಿದರೆ ಒಳ ವ್ಯಾಸ ಸಿಗುತ್ತದೆ. ನಂಬರಿನ ಮುಂದಿನ ಸಿ3 ಎಂಬಂಥ ಗುರುತು ಒಳಗಿನ ಸಡಿಲಿಕೆಯದು, ಅದೂ ಹೊಂದಬೇಕು. ನಿಮಿಷಕ್ಕೆ 10,000 ಸುತ್ತು ತಡೆಯದ ಸಾದಾ ಬೇರಿಂಗ್ ಮೋಟಾರಿನ ಶಾಫ್ಟಿಗೆ ನಡೆಯದು. ಹಲ್ಲು ಕೆಟ್ಟಿದ್ದರೆ ಒಂದು ಗೇರಲ್ಲ, ಜೋಡಿಯನ್ನೇ ಬದಲಿಸಬೇಕು.

ಗ್ಯಾರಂಟಿಯನ್ನೂ ಮರೆಯಬಾರದು. ನೆಕ್ಸಾನ್ ಇವಿ ಬಂದಾಗ ಬ್ಯಾಟರಿ ಮತ್ತು ಮೋಟಾರಿಗೆ 8 ವರ್ಷ ಅಥವಾ 1.6 ಲಕ್ಷ ಕಿ.ಮೀ. ವಾರಂಟಿ ಘೋಷಿಸಲಾಗಿತ್ತು. ತಮ್ಮ ಕಾರಿನ ವಾರಂಟಿಯಲ್ಲಿ ಗೇರ್‌ಬಾಕ್ಸ್ ಸೇರಿದೆಯೇ, ಆಯಿಲ್ ಹೊರಗೆ ಬದಲಿಸಿದರೆ ತೊಂದರೆಯಿದೆಯೇ ಎಂದು ಪಾನಾ ಹಿಡಿಯುವ ಮೊದಲೇ ಬರಹದಲ್ಲಿ ಕೇಳಿ ಇಟ್ಟುಕೊಳ್ಳಬೇಕು.

ಸೋಸಿದ ಬಟ್ಟೆ, ಅದರಲ್ಲಿ ಸಿಕ್ಕ ಚೂರು, ಸದ್ದಿನ ರೆಕಾರ್ಡಿಂಗ್, ಕಾರು ಓಡಿದ ಕಿ.ಮೀ. ಬರೆದ ಚೀಟಿ – ಈ ನಾಲ್ಕನ್ನು ಹಿಡಿದು ವರ್ಕ್‌ಶಾಪಿಗೆ ಹೋದವರಿಗೆ ಯಾವ ಭಾಗ ಕೆಟ್ಟಿದೆ, ಯಾವುದಕ್ಕೆ ದುಡ್ಡು ಕೊಡಬೇಕು ಎಂದು ಕೇಳುವ ಧೈರ್ಯ ಬರುತ್ತದೆ. ಇಡೀ ಜೋಡಣೆ ಬದಲಿಸಬೇಕೆಂದರೆ ಏಕೆಂದು ಅವರೇ ವಿವರಿಸಬೇಕಾಗುತ್ತದೆ.